ವಿಮಾನದ ರಾಳ

ತೇಜಸ್ ಯುದ್ಧವಿಮಾನವು 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದುದನ್ನು ನಮ್ಮ ವಾಚಕರು ಮರೆತಿರಲಾರರು. ಆದರೆ ಅದರ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಭಾಗವು ಲೋಹವಲ್ಲ, ಇಂಗಾಲದ ಎಳೆಗಳನ್ನು ರಾಳದಲ್ಲಿ ನೆನೆಯಿಸಿ ಬೇಯಿಸಿದ ಸಂಯುಕ್ತ ವಸ್ತುವೆಂಬುದು ಅಷ್ಟಾಗಿ ಜನಜನಿತವಾಗಿಲ್ಲ. ಎಳೆಗೆ ದೊರೆತ ಕೀರ್ತಿಯು ರಾಳಕ್ಕೆ ದೊರೆತಿಲ್ಲ. ವಿಚಾರ ಮಾಡತಕ್ಕ ಸಂಗತಿಯಾದರೋ ರಾಳದಲ್ಲಿಯೇ ಇದೆ.

ಈ ರಾಳಗಳು ಮೇಣದಂತೆ ಕಾಯಿಸಿದೊಡನೆ ಕರಗುವಂಥವಲ್ಲ. ಅಣುಸರಪಳಿಗಳು ಬೆಸೆದು ಬಲೆಯಾಗುವುದರಿಂದ, ಒಮ್ಮೆ ಬೆಂದರೆ ಇಟ್ಟಿಗೆಯಂತೆ ಶಾಶ್ವತವಾಗಿ ಗಟ್ಟಿಯಾಗುವವು. ಬಲೆಯು ದಟ್ಟವಾದಷ್ಟೂ ಶಾಖವನ್ನು ತಾಳುವ ಶಕ್ತಿ ಹೆಚ್ಚು; ಬಿರುಕು ಬಿಡುವ ಸ್ವಭಾವವೂ ಅಷ್ಟೇ ಹೆಚ್ಚು. ಬಿಸ್‌ಮ್ಯಾಲಿಮೈಡ್ ರಾಳವು 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖವನ್ನು ಸಹಿಸುವುದು. ಆದರೂ ಕೆಲಸಗಾರನ ಕೈಯಿಂದ ಸ್ಪ್ಯಾನರೊಂದು ಜಾರಿ ಬಿದ್ದರೆ, ಮೇಲೆ ಗೀರೂ ಕಾಣದಿರುವಾಗ ಒಳಪದರಗಳು ಬಿಟ್ಟುಕೊಂಡಿರಬಹುದು. ಕಂಡ ಪೆಟ್ಟನ್ನು ದುರಸ್ತಿ ಮಾಡಬಹುದು; ಕಾಣದುದನ್ನು ಹೊತ್ತೇ ವಿಮಾನವು ಮೇಲೇರುತ್ತದೆ.

ರಬ್ಬರನ್ನು ಬೆರಸಿದರೆ ಈ ದೋಷವು ತಗ್ಗುವುದು ನಿಜ. ಶಾಖ ತಾಳುವ ಶಕ್ತಿಯೂ ಅದರೊಡನೆಯೇ ತಗ್ಗುವುದು. ಆದುದರಿಂದ ವಿಜ್ಞಾನಿಗಳು ಹಿಡಿದ ಮಾರ್ಗಗಳಲ್ಲೊಂದು, ಶಾಖವನ್ನು ತಾಳುವ ಎರಡು ಬಲೆಗಳನ್ನು ಒಂದರೊಳಗೊಂದು ಹೆಣೆಯುವುದು. ಎಳೆಯನ್ನು ಕಡಿಯದೆ ಅವನ್ನು ಬೇರ್ಪಡಿಸಲಾಗದು. ಯುಕ್ತಿಯೇನೂ ಹೊಸದಲ್ಲ. 1914ರಲ್ಲಿಯೇ ಎಡಿಸನ್ನರ ಸಹಾಯಕರಾದ ಐಲ್ಸ್‌ವರ್ತ್ ಎಂಬವರು ಗ್ರಾಮಾಫೋನ್ ತಟ್ಟೆಗಳು ಒಡೆಯದಿರಲೆಂದು ಫೀನಾಲ್ ರಾಳಕ್ಕೆ ರಬ್ಬರನ್ನೂ ಗಂಧಕವನ್ನೂ ಕೂಡಿಸಿದ್ದರು. ತಟ್ಟೆಗೆ ಶಾಖದ ಚಿಂತೆ ಇರಲಿಲ್ಲವಷ್ಟೆ! ಬಿಸ್‌ಮ್ಯಾಲಿಮೈಡಿಗೆ ಸಯನೇಟ್ ಎಸ್ಟರನ್ನು ಸೇರಿಸಿ ಜಪಾನಿನವರು ಮಾಡಿದ ಬಿ.ಟಿ. ರಾಳವು ಇಂದು ಚಿಪ್ಪುಗಳನ್ನು ಕೂರಿಸುವ ಹಲಗೆಗಳಲ್ಲಿ ಸೇರಿಹೋಗಿದೆ.

ಕೇಂದ್ರ ಸರಕಾರವು 2021ರಲ್ಲಿ ಚಿಪ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಸ್ತುತ್ಯವೇ. ಆದರೆ ಹಲಗೆಯ ರಾಳಕ್ಕೂ ರೆಕ್ಕೆಯ ರಾಳಕ್ಕೂ ಪರರ ಮುಖವನ್ನು ನೋಡುವುದು ಎಷ್ಟು ಕ್ಷೇಮ? 1998ರ ಪೋಖರಣ್ ಸ್ಫೋಟಗಳ ತರುವಾಯ ಅಮೆರಿಕವು ನಿರ್ಬಂಧ ಹೇರಿದಾಗ, ತೇಜಸ್ಸಿನ ಹಾರಾಟ-ನಿಯಂತ್ರಣಕ್ಕಾಗಿ ಅಲ್ಲಿ ದುಡಿಯುತ್ತಿದ್ದ ನಮ್ಮ ಎಂಜಿನಿಯರರು ಕೆಲಸವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು.

ವಿದ್ಯೆಯ ಕೊರತೆಯೆಂದು ಯಾರೂ ಹೇಳಲಾರರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯು ತೇಜಸ್ಸಿನ ರೆಕ್ಕೆಯನ್ನು ಬೇಯಿಸಿ ತೋರಿಸಿದೆ. ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದವರು ಇಂಥ ಮಿಶ್ರಣಗಳನ್ನು ಕುರಿತು ಸಂಶೋಧನೆಗಳನ್ನು ಪ್ರಕಟಿಸಿರುವರು. ಕೊರತೆಯಿರುವುದು ಪ್ರಯೋಗಶಾಲೆಯ ಗಾಜಿನ ಪಾತ್ರೆಗೂ ಕಾರಖಾನೆಯ ಪೀಪಾಯಿಗೂ ನಡುವೆ. ಹೊಸ ರಾಳವು ವಿಮಾನವನ್ನೇರಲು ವರ್ಷಗಟ್ಟಲೆ ಪರೀಕ್ಷೆ ಬೇಕು; ಕೊಳ್ಳುವವರ ಭರವಸೆಯಿಲ್ಲದೆ ಯಾವ ಬಂಡವಳಗಾರನೂ ಅಷ್ಟು ಕಾಲ ಕಾಯಲಾರನು. ಯುದ್ಧವಿಮಾನಕ್ಕೆ ಕೊಳ್ಳುವವರು ಸರಕಾರದವರೇ. ಪರೀಕ್ಷೆಯಲ್ಲಿ ಗೆದ್ದ ಸ್ವದೇಶೀ ರಾಳವನ್ನು ಇಂತಿಷ್ಟು ವರ್ಷ, ಇಂತಿಷ್ಟು ಟನ್ ಕೊಳ್ಳುವೆವೆಂದು ಅವರು ಮೊದಲೇ ಬರೆದುಕೊಡಲಿ, ಪರೀಕ್ಷೆಯ ವೆಚ್ಚದಲ್ಲಿಯೂ ಪಾಲು ಹೊರಲಿ ಎಂದು ನಾವು ಕೇಳುತ್ತೇವೆ.