ಒಂದು ಹಾಸಿಗೆ, ಮೂರು ಅಪ್ಪಣೆ

ಕಳೆದ ಆಷಾಢದಲ್ಲಿ ನಮ್ಮ ತಾಯಿಯವರು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಕ್ರಿಯೆಯೇನೋ ಸುಸೂತ್ರವಾಗಿ ಮುಗಿಯಿತು. ಮರುದಿನ ವೈದ್ಯರು ಬಂದು, ‘ಇಂದೇ ಎಬ್ಬಿಸಿ ನಿಲ್ಲಿಸಬಹುದು’ ಎಂದು ಹೇಳಿ ಹೋದರು. ಆ ಮಾತು ದಾದಿಗೆ ತಲುಪಿರಲಿಲ್ಲ. ‘ಮಿಸುಕಬೇಡಿ ಅಜ್ಜಿ’ ಎಂದು ಗದರಿದಳು. ವ್ಯಾಯಾಮ ಮಾಡಿಸಲು ಬಂದ ತರುಣನು, ಚೀಟಿಯಲ್ಲಿ ಬರೆದಿಲ್ಲವೆಂದು ಹಿಂದಿರುಗಿದನು. ಹೀಗೆಯೇ ಮೂರು ದಿನ. ನಾಲ್ಕನೆಯ ದಿನ ಬೆನ್ನಿನ ಕೆಳಗೆ ಹುಣ್ಣು ಕಾಣಿಸಿತು.

ಮೂವರೂ ತಂತಮ್ಮ ವಿದ್ಯೆಯಲ್ಲಿ ಸಮರ್ಥರೇ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಸುಳ್ಳೇಕೆ, ಅಂದು ಇತ್ತು. ಆದರೆ ಅವರು ಪರಸ್ಪರ ಪರಿಚಯವಾಗುವುದಾದರೂ ಎಲ್ಲಿ? ವೈದ್ಯವಿದ್ಯಾರ್ಥಿ ಓದುವುದು ಒಂದು ಕಟ್ಟಡದಲ್ಲಿ, ಶುಶ್ರೂಷೆ ಕಲಿಯುವವಳು ಇನ್ನೊಂದರಲ್ಲಿ. ಇಬ್ಬರೂ ಎದುರಾಗುವುದು ರೋಗಿಯ ಹಾಸಿಗೆಯ ಬಳಿಯಲ್ಲೇ.

ಸ್ವೀಡನ್ ದೇಶದ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದವರು 1986ರಲ್ಲಿಯೇ ಇದಕ್ಕೊಂದು ದಾರಿ ಹುಡುಕಿದರು. ಆರೋಗ್ಯಕ್ಕೆ ಸಂಬಂಧಿಸಿದ ಬೇರೆಬೇರೆ ವೃತ್ತಿಗಳ ವಿದ್ಯಾರ್ಥಿಗಳನ್ನು ಕೆಲವು ಪಾಠಗಳಿಗೆ ಒಟ್ಟಿಗೆ ಕೂರಿಸಿದರು. 1996ರಲ್ಲಿ ಇನ್ನೂ ಧೈರ್ಯಮಾಡಿ, ಮೂಳೆರೋಗಿಗಳ ವಾರ್ಡೊಂದನ್ನೇ ವಿದ್ಯಾರ್ಥಿಗಳ ತಂಡಕ್ಕೆ ಒಪ್ಪಿಸಿದರು! ಗುರುಗಳು ಹಿಂದೆ ನಿಂತು ನೋಡುವರು. ಯಾರನ್ನು ಎಂದು ನಡೆಸಬೇಕು, ಎಂದು ಮನೆಗೆ ಕಳುಹಿಸಬೇಕು ಎಂಬುದನ್ನು ಹುಡುಗರು ಕೂಡಿ ಯೋಚಿಸುವರು. ನಾಳಿನ ಡಾಕ್ಟರನೂ ರೋಗಿಯ ಮೈ ಒರೆಸುವ ಕೆಲಸಕ್ಕೆ ಕೈಹಾಕಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2010ರ ವರದಿಯೂ ಈ ಬಗೆಯ ಶಿಕ್ಷಣವನ್ನೇ ಎತ್ತಿಹಿಡಿದಿದೆ: ಒಬ್ಬರನ್ನು ಕುರಿತು, ಒಬ್ಬರಿಂದ, ಒಬ್ಬರೊಡನೆ ಕಲಿಯುವುದು. ವಿಭಕ್ತಿಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿ ಹೊಟ್ಟೆ ಹೊರೆಯುವ ನನ್ನಂಥವನ ಕಣ್ಣು ‘ಇಂದ’ ಎಂಬಲ್ಲಿಯೇ ನಿಲ್ಲುತ್ತದೆ. ಒಡನೆ ಕೂರುವುದು ಸುಲಭ. ದಾದಿಯಿಂದ ಕಲಿಯಲು ವೈದ್ಯನ ಮನಸ್ಸು ಒಪ್ಪಬೇಕಲ್ಲ! (ನಮ್ಮ ಕಾಲೇಜಿನಲ್ಲಿ ಕನ್ನಡದವರೂ ಗಣಿತದವರೂ ಕೂಡಿ ಕಾಫಿ ಕುಡಿದುದನ್ನು ನಾನಂತೂ ಕಂಡಿಲ್ಲ.) ವೇಳಾಪಟ್ಟಿ, ಪರೀಕ್ಷೆಗಳ ತೊಡಕು ಬೇರೆ. ಆದರೂ ಅವು ಬೆನ್ನಿನ ಹುಣ್ಣಿಗಿಂತ ದೊಡ್ಡ ತೊಡಕುಗಳೆಂದು ನನಗೆ ತೋರುವುದಿಲ್ಲ.

ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಆಸ್ಪತ್ರೆ ಬಿಡುವ ದಿನ ತಾಯಿಯವರು ಕೋಡುಬಳೆ ಡಬ್ಬಿಯನ್ನು ಮುಂದಿಟ್ಟುಕೊಂಡು ದಾದಿಯನ್ನೂ ಆ ತರುಣನನ್ನೂ ಕರೆದರು. ‘ಏನಮ್ಮಾ, ಈ ಹುಡುಗನ ಹೆಸರೇನು?’ ಎಂದು ಕೇಳಿದರು. ಒಂದೇ ಮಹಡಿಯಲ್ಲಿ ಎರಡು ವರ್ಷದಿಂದ ದುಡಿಯುತ್ತಿದ್ದ ಆಕೆ ನಾಚಿ ಅವನ ಮುಖ ನೋಡಿದಳು.