ಬಾಗಿಲೊಳಗಿದ್ದವನ ಪರವಾಗಿ

ಲಾಡ್ಜಿನಲ್ಲಿ ಕೊಟ್ಟ ಕೋಣೆಯ ಬಾಗಿಲು ತೆರೆದರೆ ಒಳಗೆ ಬೇರೊಬ್ಬರು ಮಲಗಿದ್ದರು ಎಂಬ ಪ್ರಸಂಗ ನಮ್ಮ ನಡುವೆ ನಗೆಯ ಕಥೆಯಾಗಿಯೇ ಚಲಾವಣೆಯಲ್ಲಿದೆ. ಮದುವೆಮನೆಯ ಪಂಕ್ತಿಯಲ್ಲಿ, ಕಚೇರಿಯ ಊಟದ ವೇಳೆಯಲ್ಲಿ ಯಾರಾದರೊಬ್ಬರು ಇಂಥದ್ದೊಂದನ್ನು ಹೇಳದೆ ಇರುವುದಿಲ್ಲ. ಗಮನಿಸಿದರೆ, ಹೇಳುವವನು ಯಾವಾಗಲೂ ಬಾಗಿಲ ಹೊರಗೆ ನಿಂತಿದ್ದವನೇ. ಅವನ ಪ್ರಯಾಣದ ದಣಿವು, ಅವನು ಕೊಟ್ಟ ಮುಂಗಡ, ಅವನು ಕೌಂಟರಿನಲ್ಲಿ ಆಡಿದ ಜಗಳ, ಕೊನೆಗೆ ಅವನಿಗೆ ದೊರೆತ ದೊಡ್ಡ ಕೋಣೆ, ಇಷ್ಟಕ್ಕೆ ಕಥೆ ಮುಗಿಯುತ್ತದೆ. ಒಳಗಿದ್ದವನು ಆ ಕಥೆಯಲ್ಲಿ ಒಂದು ಚೀತ್ಕಾರ ಮಾತ್ರ, ಒಂದು ಹೊದಿಕೆ ಮಾತ್ರ. ನಾವು ಈ ಲೇಖನವನ್ನು ಅವನ ಪರವಾಗಿ ಬರೆಯುತ್ತಿದ್ದೇವೆ.

ಇದು ನಮಗೆ ತಾನಾಗಿ ಹೊಳೆದ ವಿವೇಕವಲ್ಲ. ಕಳೆದ ಮಳೆಗಾಲದಲ್ಲಿ ಧಾರವಾಡದಿಂದ ನಮ್ಮ ಸೋದರಮಾವನವರು ಬಂದಿದ್ದರು. ರಬಾಳೆಯ ನಮ್ಮ ಮನೆಯಲ್ಲಿ ಮಲಗುವ ಕೋಣೆ ಒಂದೇ. ಅದೇ ವಾರ ಬೇರೆ ನೆಂಟರೂ ಇದ್ದರು. ಹೀಗಾಗಿ ಮಾವನವರಿಗೆಂದು ಠಾಣೆ-ಬೇಲಾಪುರ ರಸ್ತೆಯಾಚೆ, ಎಂಐಡಿಸಿ ಕಡೆಗಿರುವ ಒಂದು ಲಾಡ್ಜಿನಲ್ಲಿ ಮೊಬೈಲಿನ ಆ್ಯಪ್ ಮೂಲಕವೇ ಕೋಣೆ ಗೊತ್ತುಮಾಡಿದೆವು. ಮಧ್ಯಾಹ್ನ ಹನ್ನೆರಡೂವರೆಗೆ ಹೋದೆವು. ಕೌಂಟರಿನವನು ಆಧಾರ್ ಪ್ರತಿ ಪಡೆದು, ಸಹಿ ಮಾಡಿಸಿಕೊಂಡು, ಮೂರನೆಯ ಮಹಡಿಯ ಬೀಗದ ಕೈ ಕೊಟ್ಟ. ಬಾಗಿಲು ತೆರೆದರೆ ಒಳಗೆ ಪರದೆ ಎಳೆದ ಕತ್ತಲೆ. ಮಂಚದ ಮೇಲೆ ಬನಿಯನ್ನಿನಲ್ಲಿ ಮಲಗಿದ್ದ ಒಬ್ಬ ಯುವಕ. ಕುರ್ಚಿಯ ಮೇಲೆ ಕಾರ್ಖಾನೆಯ ನೀಲಿ ಅಂಗಿ, ಅದರ ಮೇಲೆ ಕೊರಳಪಟ್ಟಿಯ ಗುರುತುಚೀಟಿ. ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದವನೆಂದು ಹೇಳಬೇಕಾಗಿರಲಿಲ್ಲ.

ಅವನು ದಡಬಡಿಸಿ ಎದ್ದ. ಕೂಗಲಿಲ್ಲ, ಬಯ್ಯಲಿಲ್ಲ. ಕೈಮುಗಿದು, ತಪ್ಪಾಯಿತು ಸಾಹೇಬರೇ, ಈಗಲೇ ಖಾಲಿ ಮಾಡುತ್ತೇನೆ ಎಂದು ಹಿಂದಿಯಲ್ಲಿ ಹೇಳುತ್ತಾ ಅಂಗಿಯನ್ನು ತಡಕಾಡಿದ. ಕೆಳಗಿಳಿದು ರಿಜಿಸ್ಟರು ನೋಡಿದಾಗ ತಿಳಿದದ್ದು ಇಷ್ಟು: ಆತ ಬೆಳಿಗ್ಗೆ ಎಂಟಕ್ಕೆ ಇಡೀ ದಿನದ ಹಣ ಕೊಟ್ಟಿದ್ದ, ಕೋಣೆ ಮರುದಿನ ಬೆಳಿಗ್ಗೆ ಎಂಟರವರೆಗೆ ಅವನದೇ ಆಗಿತ್ತು. ಮ್ಯಾನೇಜರು ಓಡಿಬಂದು ನಮ್ಮ ಕ್ಷಮೆ ಕೇಳಿದರು, ಎರಡನೆಯ ಮಹಡಿಯಲ್ಲಿ ಬೇರೆ ಕೋಣೆ ಕೊಟ್ಟರು, ಚಹಾ ತರಿಸಿದರು. ಚಹಾ ಮುಗಿದ ಮೇಲೆ ಮಾವನವರು ಲೋಟ ಕೆಳಗಿಡುತ್ತ ಕೇಳಿದರು: ‘ತಮ್ಮಾ, ನಾವೇನೋ ಚಹಾ ಕುಡದ್ವಿ. ಮ್ಯಾಲಿನ ಆ ಹುಡುಗಗ ಯಾರರ ಏನರ ಹೇಳಿದ್ರೇನು?’

ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಅನ್ಯಾಯಕ್ಕೆ ಒಳಗಾದವನು ಕ್ಷಮೆ ಕೇಳಿದ, ಅನ್ಯಾಯ ಮಾಡಿದವರು ನಮ್ಮ ಕ್ಷಮೆ ಕೇಳಿದರು, ಅವನ ನಿದ್ದೆ ಕೆಡಿಸಿದ ನಾವು ಸತ್ಕಾರ ಪಡೆದೆವು. ಇದರಲ್ಲಿ ನಗುವಂಥದ್ದು ಏನಿದೆ?

ಲಾಡ್ಜಿನವರು ಮಾರುವುದು ಏನನ್ನು? ಮಂಚವನ್ನಲ್ಲ, ಮಂಚ ಧರ್ಮಶಾಲೆಯಲ್ಲೂ ಸಿಗುತ್ತದೆ, ರೈಲಿನಲ್ಲೂ ಸಿಗುತ್ತದೆ. ಅವರು ಮಾರುವುದು ಚಿಲಕವನ್ನು. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಈ ನಾಲ್ಕು ಗೋಡೆಗಳೊಳಗೆ ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಕಾಲಿಡುವುದಿಲ್ಲ ಎಂಬ ಭರವಸೆಯೇ ಅಲ್ಲಿನ ಸರಕು. ಆದ್ದರಿಂದ ಕೋಣೆ ಸಿಗದವನಿಗೆ ಆದದ್ದು ವಿಳಂಬ. ಅವನಿಗೆ ಬೇರೆ ಕೋಣೆ ಕೊಟ್ಟರೆ ಅದು ತೀರುತ್ತದೆ. ಒಳಗಿದ್ದವನಿಗೆ ಆದದ್ದು ಸರಕಿನ ನಾಶ. ಬಾಗಿಲು ಒಮ್ಮೆ ಹಾಗೆ ತೆರೆದುಕೊಂಡ ಮೇಲೆ ಅದೇ ಕೋಣೆಯಲ್ಲಿ ಅವನಿಗೆ ಮತ್ತೆ ಅದೇ ನಿದ್ದೆ ಬಾರದು. ಅಂದು ಒಳಗಿದ್ದದ್ದು ಒಬ್ಬಳೇ ಪ್ರಯಾಣಿಸುವ ಹೆಣ್ಣುಮಗಳಾಗಿದ್ದರೆ, ಬೀಗದ ಕೈ ಸಿಕ್ಕಿದ್ದು ಕುಡಿದು ಬಂದವನಿಗಾಗಿದ್ದರೆ ಎಂದು ಯೋಚಿಸಿದರೆ ‘ಹತ್ತು ನಿಮಿಷದ ಮುಜುಗರ’ ಎಂಬ ಮಾತು ಬಾಯಿಗೆ ಬರಲಾರದು. ಆ ಕೋಣೆಯ ಬಾಗಿಲಿನ ಒಳಬದಿಯನ್ನು ನಾವು ಕಂಡೆವು. ಚಿಲಕವಿರಬೇಕಾದ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳಿದ್ದವು.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇಲ್ಲಿ ‘ಮೊಬಿ ಡಿಕ್’ ನೆನಪಾಗದಿರದು. 1851ರಲ್ಲಿ ಪ್ರಕಟವಾದ ಹರ್ಮನ್ ಮೆಲ್ವಿಲ್‌ನ ಆ ಕಾದಂಬರಿಯ ಮೊದಲ ಅಧ್ಯಾಯಗಳಲ್ಲಿ ಛತ್ರದ ಯಜಮಾನ ಇಷ್ಮಾಯೆಲ್‌ನನ್ನು ಕ್ವೀಕ್ವೆಗ್ ಎಂಬ ದ್ವೀಪವಾಸಿ ನಾವಿಕನ ಹಾಸಿಗೆಯಲ್ಲಿ ಮಲಗಿಸುತ್ತಾನೆ. ಕ್ವೀಕ್ವೆಗ್‌ಗೆ ಮಾತ್ರ ಒಂದು ಮಾತೂ ಹೇಳಿರುವುದಿಲ್ಲ. ನಡುರಾತ್ರಿ ಅವನು ಬಂದಾಗ ಇಷ್ಮಾಯೆಲ್ ಹೆದರಿ ಕೂಗುತ್ತಾನೆ. ನಾವೂ ಅವನೊಡನೆ ಹೆದರುತ್ತೇವೆ. ಎಂ.ಎ. ತರಗತಿಯಲ್ಲಿ ಆ ಪುಟಗಳನ್ನು ಓದಿದಾಗ ನಮಗೆ ಒಮ್ಮೆಯೂ ಹೊಳೆಯದಿದ್ದ ಪ್ರಶ್ನೆ ಇದು: ಹಾಸಿಗೆ ಯಾರದು? ತನ್ನ ಕೋಣೆಗೆ ತಾನು ಬಂದವನು ಕ್ವೀಕ್ವೆಗ್. ಆದರೂ ನಮ್ಮ ಕಣ್ಣಿಗೆ ಅವನೇ ಅತಿಕ್ರಮಿ. ಕಥೆ ಇಷ್ಮಾಯೆಲ್‌ನ ಬಾಯಲ್ಲಿದೆ ಎಂಬುದು ಅದಕ್ಕೆ ಒಂದು ಕಾರಣ; ಕ್ವೀಕ್ವೆಗ್‌ನ ಮೈಮೇಲೆ ಹಚ್ಚೆಯಿದೆ ಎಂಬುದು ಇನ್ನೊಂದು. ಕಾದಂಬರಿಯಲ್ಲಿ ಇಬ್ಬರೂ ಗೆಳೆಯರಾಗುತ್ತಾರೆ. ಆ ಗೆಳೆತನಕ್ಕೆ ಕಾರಣ ಕ್ವೀಕ್ವೆಗ್‌ನ ದೊಡ್ಡತನವೇ ಹೊರತು ಯಜಮಾನನ ವ್ಯವಹಾರವಲ್ಲ.

ಇನ್ನು ಮಾಲೀಕರ ಸಮಾಧಾನಗಳನ್ನು ನೋಡೋಣ. ಮೊದಲನೆಯದು, ‘ಕಂಪ್ಯೂಟರಿನ ತಪ್ಪು’. ರಬಾಳೆಯಂಥ ಕಡೆ ಈ ತಪ್ಪು ಆಗುವ ಬಗೆ ಬಹಳ ಸರಳ. ನೇರವಾಗಿ ಬಂದವರಿಗೆ ಲಾಡ್ಜು ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಕೋಣೆ ಕೊಡುತ್ತದೆ. ಅದು ಬರೆದಿಡುವ ರಿಜಿಸ್ಟರಿನಲ್ಲಿರುತ್ತದೆ. ಆ್ಯಪ್ ಮೂಲಕ ಬಂದವರಿಗೆ ಮಧ್ಯಾಹ್ನ ಹನ್ನೆರಡರಿಂದ ಮರುದಿನ ಹನ್ನೊಂದರ ಲೆಕ್ಕ. ಅದು ಪರದೆಯ ಮೇಲಿರುತ್ತದೆ. ಒಂದೇ ಕೋಣೆಗೆ ಎರಡು ಪಂಚಾಂಗ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಏರಿಸುವ ಕೆಲಸ, ಪಾಳಿ ಬದಲಾಗುವ ಹೊತ್ತಿನಲ್ಲಿ, ಕಡಿಮೆ ಸಂಬಳದ ಒಬ್ಬ ಹುಡುಗನ ನೆನಪಿಗೆ ಬಿಟ್ಟದ್ದು. ಹಳೆಯ ಪದ್ಧತಿಯೂ ಇದಕ್ಕೆ ಹೊರತಲ್ಲ. ಹೊರಗೆ ಹೋಗುವಾಗ ಅತಿಥಿ ಬೀಗದ ಕೈಯನ್ನು ಕೌಂಟರಿನಲ್ಲಿ ಬಿಟ್ಟುಹೋಗುತ್ತಿದ್ದ ಕಾಲದಲ್ಲಿ, ಮೊಳೆಗೆ ತೂಗುವ ಬೀಗದ ಕೈಗೆ ‘ಕೋಣೆ ಖಾಲಿ’ ಎಂದೂ ಅರ್ಥವಿತ್ತು, ‘ಆಸಾಮಿ ಊಟಕ್ಕೆ ಹೋಗಿದ್ದಾನೆ’ ಎಂದೂ ಅರ್ಥವಿತ್ತು. ಆಗಲೂ ಈಗಲೂ ತಪ್ಪನ್ನು ತಡೆಯುವ ಉಪಾಯ ಒಂದೇ: ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ ನೋಡುವುದು. ಅದನ್ನು ಮಾಡದಿರುವುದು ಯಂತ್ರದ ದೋಷವಲ್ಲ, ಯಜಮಾನನ ಆಯ್ಕೆ.

ಎರಡನೆಯ ಸಮಾಧಾನ, ‘ಯಾರಿದ್ದಾರೆಂದು ತಿಳಿಯಲಿಲ್ಲ’. ಆಧಾರ್ ಪ್ರತಿ, ಮೊಬೈಲ್ ಸಂಖ್ಯೆ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಯಾವ ಕೆಲಸಕ್ಕೆ, ಇಷ್ಟನ್ನೂ ಬರೆಸಿಕೊಳ್ಳುವವರು ಈ ಮಾತನ್ನು ಹೇಗೆ ಆಡುತ್ತಾರೆ? ವಿದೇಶಿ ಅತಿಥಿಯಾದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಅಧಿಕಾರಿಗಳಿಗೆ ವರದಿ ಕೊಡಬೇಕೆಂಬ ನಿಯಮವಿದೆ. ಪೊಲೀಸರಿಗೆ ಹೇಳಲು ಗೊತ್ತಿರುವ ಸಂಗತಿ, ಕೌಂಟರಿನ ಮುಂದೆ ನಿಂತ ಹೊಸ ಗಿರಾಕಿಗೆ ಬೀಗದ ಕೈ ಕೊಡುವಾಗ ಮಾತ್ರ ಮರೆತುಹೋಗುತ್ತದೆ.

ಮೂರನೆಯದು ಸಮಾಧಾನವಲ್ಲ, ಗುಟ್ಟು. ಒಂದಿಷ್ಟು ಮಂದಿ ಹೇಗೂ ಬರುವುದಿಲ್ಲ ಎಂಬ ಎಣಿಕೆಯ ಮೇಲೆ ಇರುವುದಕ್ಕಿಂತ ಹೆಚ್ಚು ಕೋಣೆಗಳನ್ನು ಮಾರುವ ಪದ್ಧತಿ ಈ ಉದ್ಯಮದಲ್ಲಿದೆ. ವಿಮಾನ ಕಂಪನಿಗಳೂ ಹೀಗೆ ಮಾಡುತ್ತವೆ. ಆದರೆ ಅಲ್ಲಿ ತಪ್ಪಿಗೆ ಬೆಲೆ ನಿಗದಿಯಾಗಿದೆ. ಟಿಕೆಟ್ ಇದ್ದೂ ಏರಲು ಬಿಡದಿದ್ದರೆ, ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಕೊಡದ ಪಕ್ಷದಲ್ಲಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ಪರಿಹಾರ ಸಲ್ಲಬೇಕು. ಬದಲಿ ವಿಮಾನ 24 ಗಂಟೆಯೊಳಗಿನದಾದರೆ ಗರಿಷ್ಠ 10,000 ರೂಪಾಯಿ, ಆಚೆಯದಾದರೆ ಗರಿಷ್ಠ 20,000 ರೂಪಾಯಿ. ನಮ್ಮ ರೈಲ್ವೆಯಂತೂ ಇನ್ನೂ ಪ್ರಾಮಾಣಿಕ. ಆರ್‌ಎಸಿ ಟಿಕೆಟ್ ಕೊಡುವಾಗಲೇ, ಬದಿಯ ಕೆಳಗಿನ ಬರ್ತಿನಲ್ಲಿ ನೀವಿಬ್ಬರು ಕೂಡಬೇಕಾಗಬಹುದು ಎಂದು ಅದು ಮುಂಚಿತವಾಗಿ ಒಪ್ಪಿಕೊಳ್ಳುತ್ತದೆ. ಎರಡು ಸಲ ಮಾರಿದ ಕೋಣೆಗೆ ಮಾತ್ರ ಇಂಥ ಸಿದ್ಧ ದರಪಟ್ಟಿಯಿಲ್ಲ. ‘ಸೇವಾನ್ಯೂನತೆ’ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ದೂರು ಕೊಡಬಹುದು, ನಿಜ. ಆದರೆ ಪಾಳಿಯ ಕೂಲಿ ಬಿಟ್ಟು ಆ ಯುವಕ ಆಯೋಗದ ಮೆಟ್ಟಿಲು ಹತ್ತಲಿ ಎನ್ನುವುದು ಕನ್ನಡಿಯೊಳಗಿನ ಗಂಟು ತೋರಿಸಿದಂತೆ.

ಕಾನೂನು ಯಾರನ್ನು ಕಾಯಬೇಕೆಂದು ಹೇಳಿದೆ ಎಂಬುದನ್ನೂ ನೋಡಬೇಕು. 1867ರ ಸರಾಯ್ ಕಾಯ್ದೆ ಛತ್ರದವನ ಕರ್ತವ್ಯಗಳನ್ನು ಪಟ್ಟಿಮಾಡುವಾಗ, ಅಲ್ಲಿ ತಂಗುವ ಜನರ, ಪಶುಗಳ, ಗಾಡಿಗಳ ರಕ್ಷಣೆಗೆ ಸಾಕಷ್ಟು ಕಾವಲುಗಾರರನ್ನಿಡಬೇಕೆಂದಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ, 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ನಿಲ್ಲಿಸಲು ಕೊಟ್ಟಿದ್ದ ಕಾರು ಕಳವಾದ ಪ್ರಕರಣದಲ್ಲಿ, ‘ಮಾಲೀಕರ ಜವಾಬ್ದಾರಿಯಲ್ಲಿ’ ಎಂದು ಚೀಟಿಯಲ್ಲಿ ಅಚ್ಚುಹಾಕಿಸಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗದು ಎಂದಿತು. ಆ ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ. 1867ರಲ್ಲಿ ಎತ್ತಿಗೆ ಕಾವಲು, 2019ರಲ್ಲಿ ಕಾರಿಗೆ ಕಾವಲು. ಹಣ ಕೊಟ್ಟು ಮಲಗಿದ ಮನುಷ್ಯನ ನಿದ್ದೆಗೆ ಮಾತ್ರ ಒಂದು ಚಹಾದ ಬೆಲೆಯೂ ಇಲ್ಲವೆ? ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣವೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನದೇ. ಅದು ಪ್ರಭುತ್ವದ ಎದುರಿನ ಹಕ್ಕಾಯಿತು. ಕೌಂಟರಿನ ಎದುರಿಗೂ ಅದರ ಒಂದು ಎಳೆ ಇಳಿಯಬಾರದೆ?

ಈ ಮಾತನ್ನು ನಾವು ಹೊರಗಿನವರಿಗೆ ಹೇಳುತ್ತಿಲ್ಲ. ಮುಂಬಯಿ, ಠಾಣೆ, ನವಿ ಮುಂಬಯಿಗಳ ಎಷ್ಟೋ ಹೋಟೆಲು-ಲಾಡ್ಜುಗಳು ನಮ್ಮ ತುಳು-ಕನ್ನಡಿಗರ ಕೈಯಲ್ಲಿವೆ. ಅವರಲ್ಲಿ ಕೆಲವರು ನಮ್ಮ ಬಳಗದ ಓದುಗರೂ ಹೌದು. ಮಲಗಲು ಜಾಗವಿಲ್ಲದಿರುವುದು ಎಂದರೇನೆಂದು ಈ ಸಮುದಾಯಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿಂದಿನ ತಲೆಮಾರಿನ ಹುಡುಗರು ಹೋಟೆಲು ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು. ಗಿರಣಿ ಪ್ರದೇಶದ ಚಾಳುಗಳಲ್ಲಿ ಒಂದೇ ಕೋಣೆಯನ್ನು ಹತ್ತಾರು ಮಂದಿ ಪಾಳಿಯ ಮೇಲೆ ಹಂಚಿಕೊಂಡರು. ಹಗಲು ದುಡಿದವನು ರಾತ್ರಿ, ರಾತ್ರಿ ದುಡಿದವನು ಹಗಲು. ಬಡತನದ ಆ ಏರ್ಪಾಡಿನಲ್ಲಿ ಗೋಡೆಯಿರಲಿಲ್ಲ, ಬೀಗವಿರಲಿಲ್ಲ. ಆದರೆ ಯಾರ ಚಾಪೆ ಯಾವುದು ಎಂಬುದು ಎಲ್ಲರಿಗೂ ಗೊತ್ತಿತ್ತು, ಪಾಳಿ ಮುಗಿಸಿ ಬಂದವನ ನಿದ್ದೆಗೆ ಒಂದು ಮರ್ಯಾದೆಯಿತ್ತು. ಗೋಡೆ, ಬೀಗ, ಕ್ಯಾಮೆರಾ ಎಲ್ಲ ಬಂದ ಮೇಲೆ ಆ ಮರ್ಯಾದೆ ಹೋಯಿತೆಂದರೆ ನಾವು ಏರಿದ್ದು ಯಾವ ಮೆಟ್ಟಿಲು?

‘ಅತಿಥಿ’ ಎಂಬ ಶಬ್ದಕ್ಕೆ ತಿಥಿ ಹೇಳದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಲಾಡ್ಜಿಗೆ ಬರುವವನು ತಿಥಿ, ವೇಳೆ, ಹೆಸರು ಎಲ್ಲ ಹೇಳಿ, ಹಣವನ್ನೂ ಕೊಟ್ಟು ಬಂದವನು. ಅವನನ್ನೂ ಅನಿರೀಕ್ಷಿತನಂತೆ ಕಾಣುವುದಕ್ಕೆ ಯಾವ ನೆಪವೂ ಉಳಿದಿಲ್ಲ. ನಾವು ಕೇಳುವುದು ದೊಡ್ಡದೇನಲ್ಲ. ರಿಜಿಸ್ಟರು ಒಂದೇ ಇರಲಿ. ಬೀಗದ ಕೈ ಕೊಡುವ ಮುನ್ನ ಒಬ್ಬರು ಹೋಗಿ ಬಾಗಿಲು ತಟ್ಟಲಿ. ಒಳಗಿನ ಚಿಲಕ ಗಟ್ಟಿಯಾಗಿರಲಿ. ತಪ್ಪಾದಾಗ ಮ್ಯಾನೇಜರು ಮೊದಲು ಮಹಡಿ ಹತ್ತಿ ಒಳಗಿದ್ದವರ ಕ್ಷಮೆ ಕೇಳಲಿ, ಆ ದಿನದ ಬಾಡಿಗೆಯನ್ನು ಅವರಿಗೆ ಮರಳಿಸಲಿ. ಹೊರಗೆ ನಿಂತವರ ಚಹಾ ಆಮೇಲೆ ಬರಲಿ.

ಅಂದು ಮಾವನವರು ತಾವೇ ಮೇಲೆ ಹೋದರು. ಬಾಗಿಲು ಮುಚ್ಚಿತ್ತು. ತಟ್ಟಲು ಎತ್ತಿದ ಕೈಯನ್ನು, ಮತ್ತೆ ಎಬ್ಬಿಸಿದಂತಾದೀತು ಎಂದು ಇಳಿಸಿ ಹಿಂದಿರುಗಿದರು. ಸಂಜೆ ವಿಚಾರಿಸಿದಾಗ ಆ ಯುವಕ ಎರಡು ಗಂಟೆಗೇ ಕೋಣೆ ಬಿಟ್ಟು ಹೋಗಿದ್ದನೆಂದು ತಿಳಿಯಿತು. ಉಳಿದ ಹದಿನೆಂಟು ಗಂಟೆಗಳ ಹಣವನ್ನು ಅವನು ಕೇಳಲಿಲ್ಲವಂತೆ. ಇವರು ಕೊಡಲೂ ಇಲ್ಲ.