ಗುದ್ದಲಿಯ ಕಾವು ಮತ್ತು ಮನೆಯ ಗಣಕಯಂತ್ರ

ಗುದ್ದಲಿಯ ಕಾವು ಮುರಿದರೆ ಮಲೆನಾಡಿನ ರೈತ ಗುದ್ದಲಿಯನ್ನು ಎಸೆಯುವುದಿಲ್ಲ. ಹೊಸ ಕಾವನ್ನು ಹಾಕಿಕೊಳ್ಳುತ್ತಾನೆ. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಪೇಟೆಗೆ ಒಯ್ದು ರೀವೈಂಡಿಂಗ್ ಮಾಡಿಸುತ್ತಾನೆ. ಆದರೆ ಅದೇ ಮನೆಗೆ ಮಕ್ಕಳ ಓದಿಗೆಂದು ಕಂಪ್ಯೂಟರ್ ತರುವ ದಿನ ಈ ವಿವೇಕ ಅಂಗಡಿಯ ಹೊಸ್ತಿಲಿನಾಚೆಗೇ ಉಳಿದುಬಿಡುತ್ತದೆ. ಅಡಿಕೆ ಮಾರಿದ ಹಣದಲ್ಲಿ ಇಪ್ಪತ್ತೋ ಇಪ್ಪತ್ತೈದೋ ಸಾವಿರ ರೂಪಾಯಿ ಎತ್ತಿಟ್ಟ ಕುಟುಂಬವು, ಹೊಳೆಯುವ ಪೆಟ್ಟಿಗೆಯ ಮೇಲಿನ ಒಂದೆರಡು ಅಕ್ಷರಗಳನ್ನು ನಂಬಿ ಹಣ ಕೊಟ್ಟು ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಯಂತ್ರ ಕೆಟ್ಟರೆ, ‘ಇದರ ಭಾಗ ಈಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿ’ ಎಂಬ ಉತ್ತರ ಸಿದ್ಧವಿರುತ್ತದೆ. ಹಳೆಯದು ಅಟ್ಟ ಸೇರುತ್ತದೆ; ಅಟ್ಟದಿಂದ ಗುಜರಿಗೆ ಹೋಗುತ್ತದೆ.

ಇದು ಒಂದು ಮನೆಯ ನಷ್ಟ ಮಾತ್ರವಲ್ಲ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂದಿನ ಒಂದು ಮೇಜಿನ ಗಣಕಯಂತ್ರ ಮತ್ತು ಅದರ 17 ಅಂಗುಲದ ಪರದೆಯ ತಯಾರಿಕೆಗೆ ಸುಮಾರು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ ಮತ್ತು 1500 ಕಿಲೋ ನೀರು ಬೇಕಾಗುತ್ತಿತ್ತು. ಯಂತ್ರವು ತನ್ನ ಆಯುಷ್ಯದಲ್ಲಿ ಬಳಸುವ ಒಟ್ಟು ಶಕ್ತಿಯ ಬಹುಪಾಲು ಅದು ಮನೆಗೆ ಬರುವ ಮುನ್ನವೇ ಖರ್ಚಾಗಿರುತ್ತಿತ್ತು. ಅಂದಿನ ಗಾಜಿನ ಪರದೆಗಳು ಇಂದಿಲ್ಲ, ಅಂಕಿಗಳೂ ಬದಲಾಗಿವೆ. ಆದರೆ ಚಿಪ್ಪಿನ ತಯಾರಿಕೆಗೆ ಅಪಾರ ನೀರು, ವಿದ್ಯುತ್ತು, ರಾಸಾಯನಿಕ ಬೇಕೆಂಬ ಸತ್ಯ ಬದಲಾಗಿಲ್ಲ. 2022ರಲ್ಲಿ ಜಗತ್ತು 620 ಲಕ್ಷ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತೆಂದೂ, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ದಾಖಲೆಯ ಪ್ರಕಾರ ಶೇಕಡಾ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಸಂಸ್ಥೆಗಳ 2024ರ ವರದಿ ತಿಳಿಸಿದೆ. ಅದಿರು ತೆಗೆಯುವುದೆಂದರೆ ಏನೆಂಬುದನ್ನು ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೂ ಭದ್ರಾ ತೀರದ ಜನ ಕಣ್ಣಾರೆ ಕಂಡಿದ್ದಾರೆ. ಅಂತಹ ಬೆಟ್ಟಗಳು ಬೇರೆ ನಾಡುಗಳಲ್ಲಿಯೂ ಇವೆ. ಕಂಪ್ಯೂಟರಿನ ತಾಮ್ರ, ತವರ, ಚಿನ್ನ ಅಲ್ಲಿಂದ ಬರುತ್ತವೆ.

ಆದ್ದರಿಂದ ಮಲೆನಾಡಿನ ಮನೆಗೆ ತಕ್ಕ ಗಣಕಯಂತ್ರವೆಂದರೆ ಅತಿ ವೇಗದ್ದಲ್ಲ, ಅತಿ ಅಗ್ಗದ್ದೂ ಅಲ್ಲ. ಬಿಚ್ಚಿ, ಕೆಟ್ಟ ಭಾಗವನ್ನಷ್ಟೇ ಬದಲಿಸಿ, ಮತ್ತೆ ಹತ್ತು ವರ್ಷ ನಡೆಸಬಹುದಾದದ್ದು. ಅಂತಹ ಯಂತ್ರ ದೊರೆಯದ ವಸ್ತುವೇನಲ್ಲ. 1995ರಲ್ಲಿ ಬಂದ ಎಟಿಎಕ್ಸ್ ಎಂಬ ಅಳತೆಯ ಕಟ್ಟುಪಾಡಿನಿಂದಾಗಿ ಒಬ್ಬರ ಕ್ಯಾಬಿನೆಟ್ಟಿಗೆ ಇನ್ನೊಬ್ಬರ ಮದರ್‌ಬೋರ್ಡ್, ಮತ್ತೊಬ್ಬರ ಎಸ್‌ಎಂಪಿಎಸ್ ಇಂದಿಗೂ ಕೂರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಆರಿಸಿ ತಂದು ಸ್ಕ್ರೂ ಡ್ರೈವರ್ ಒಂದರಿಂದ ಮನೆಯ ಜಗಲಿಯಲ್ಲೇ ಜೋಡಿಸಿಕೊಳ್ಳಲು ಇದೇ ಆಧಾರ. ಆದರೆ ಆಯ್ಕೆಯ ಕ್ರಮ ಗುಡ್ಡದ ಊರಿನ ಸ್ಥಿತಿಗತಿಗೆ ಹೊಂದಬೇಕು. ಪೇಟೆಯ ಸಲಹೆಗಾರ ಪ್ರೊಸೆಸರ್‌ನಿಂದ ಆರಂಭಿಸುತ್ತಾನೆ. ಮಲೆನಾಡಿನಲ್ಲಿ ಆರಂಭಿಸಬೇಕಾದದ್ದು ವಿದ್ಯುತ್ತಿನಿಂದ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿಯ ನೀರು ನಾಡಿಗೆಲ್ಲ ಬೆಳಕು ನೀಡಿದರೂ, ಕಣಿವೆಯಂಚಿನ ಮನೆಗಳಲ್ಲಿ ಸಂಜೆಯ ಹೊತ್ತು ಬಲ್ಬು ಮಂಕಾಗುವುದು ಹೊಸ ಸಂಗತಿಯಲ್ಲ. ಗಾಳಿಮಳೆಗೆ ಕೊಂಬೆ ಬಿದ್ದು ತಂತಿ ತುಂಡಾಗುವುದು, ವಿದ್ಯುತ್ತು ಹೋಗಿ ಬರುವಾಗ ಒಮ್ಮೆಲೇ ನುಗ್ಗುವುದು ಇಲ್ಲಿನ ನಿತ್ಯದ ಪಾಡು. ಇದನ್ನು ಮೊದಲು ಎದುರಿಸುವ ಭಾಗ ಎಸ್‌ಎಂಪಿಎಸ್. ಅಗ್ಗದ ಕ್ಯಾಬಿನೆಟ್ಟಿನೊಳಗೆ ಉಚಿತವಾಗಿ ಬರುವ, 450 ವ್ಯಾಟ್ ಎಂದು ಬರೆದಿದ್ದರೂ ಅಷ್ಟು ನೀಡಲಾಗದ ಹಗುರ ಪೆಟ್ಟಿಗೆಗಳು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಒಯ್ಯಬಲ್ಲವು. ಹಣ ಉಳಿಸಬಾರದ ಮೊದಲ ಜಾಗ ಇದು. ಕೊಳ್ಳುವಾಗ ಅದರ ಲೇಬಲ್ ಓದಬೇಕು. ಒಳಬರುವ ವೋಲ್ಟೇಜ್ 100–240 ಎಂದಿದ್ದರೆ ಸಂಜೆಯ ಇಳಿವೋಲ್ಟೇಜನ್ನು ಅದು ತಾಳಿಕೊಳ್ಳುತ್ತದೆ. 200–240 ಎಂದಿದ್ದರೆ ಆ ಭರವಸೆ ಇಲ್ಲ. ಹಿಂಬದಿಯಲ್ಲಿ 115 ಮತ್ತು 230ರ ನಡುವೆ ಸರಿಸುವ ಕೆಂಪು ಗುಂಡಿಯಿದ್ದರೆ ಅದು 230ರಲ್ಲೇ ಇರಬೇಕು. ಮಕ್ಕಳು ಕುತೂಹಲಕ್ಕೆ ಸರಿಸಿದರೆ ಯಂತ್ರ ಕ್ಷಣದಲ್ಲಿ ಸುಟ್ಟುಹೋದೀತು. ಇಂತಿಷ್ಟು ದಕ್ಷತೆಗೆ ಕಡಿಮೆಯಿಲ್ಲವೆಂದು ಸಾರುವ ‘80 ಪ್ಲಸ್’ ಗುರುತು 2004ರಿಂದ ಬಳಕೆಯಲ್ಲಿದೆ. ಅದಿದ್ದರೆ ವಿದ್ಯುತ್ತು ಶಾಖವಾಗಿ ಪೋಲಾಗುವುದು ಕಡಿಮೆ.

ಎಸ್‌ಎಂಪಿಎಸ್‌ನ ಹಿಂದೆ ಯುಪಿಎಸ್, ಯುಪಿಎಸ್‌ನ ಹಿಂದೆ ನೆಟ್ಟಗಿನ ಅರ್ಥಿಂಗ್ ಇರಬೇಕು. ಇದ್ದಿಲು, ಉಪ್ಪು ಹಾಕಿ ತೇವವಾಗಿಟ್ಟ ಅರ್ಥಿಂಗ್ ಗುಂಡಿಯಿಲ್ಲದ ಮನೆಯಲ್ಲಿ ಮೂರು ಕಾಲಿನ ಪ್ಲಗ್ಗಿನ ಮೂರನೆಯ ಕಾಲು ಬರಿಯ ಅಲಂಕಾರ. ಸ್ಪೈಕ್ ಗಾರ್ಡ್ ಹಾಕಿಯೂ ಪ್ರಯೋಜನ ಕಡಿಮೆ. ಏಪ್ರಿಲ್–ಮೇ ತಿಂಗಳ ಸಿಡಿಲಿಗಂತೂ ಯಾವ ಉಪಕರಣವೂ ಪೂರ್ಣ ರಕ್ಷೆಯಲ್ಲ. ಮೋಡ ಗುಡುಗಿದೊಡನೆ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಡುವವರು ಅನೇಕರು ಅಂತರ್ಜಾಲದ ತಾಮ್ರದ ತಂತಿಯನ್ನು ಮರೆಯುತ್ತಾರೆ. ಸಿಡಿಲಿನ ಆಘಾತ ಆ ದಾರಿಯಿಂದಲೂ ಬರುತ್ತದೆ. ಎರಡನ್ನೂ ಕಿತ್ತಿಡಬೇಕು. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಕಾಣುವ ಆಗುಂಬೆಯಂತಹ ಊರುಗಳಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕೆ ತೇವವೇ ಶತ್ರು. ನೆಲದಿಂದ ಮೇಲೆ, ಗೋಡೆಯಿಂದ ದೂರ ಇಟ್ಟು ಮಳೆಗಾಲದಲ್ಲಿ ದಿನಕ್ಕೊಮ್ಮೆ ಚಾಲೂ ಮಾಡಿದರೆ ಅದರ ಬಿಸಿಯೇ ಅದನ್ನು ಒಣಗಿಸುತ್ತದೆ.

ವಿದ್ಯುತ್ತಿನ ನಂತರ ಪ್ರೊಸೆಸರ್. ಹಳ್ಳಿಯ ಗ್ರಾಹಕ ಹೆಚ್ಚು ಮೋಸಹೋಗುವುದು ಇಲ್ಲಿಯೇ. ‘ಐ5’ ಎಂಬ ಹೆಸರು 2009ರಿಂದ ಇದೆ. ಆ ಹೆಸರಿನ ಎಲ್ಲವೂ ಒಂದೇ ಅಲ್ಲ. ಹೆಸರಿನ ಮುಂದಿನ ಅಂಕಿಯನ್ನು ನೋಡಬೇಕು. ಐ5-3470 ಎಂದರೆ 3ನೇ ತಲೆಮಾರು, 2012ರದು. ಐ5-8400 ಎಂದರೆ 8ನೆಯದು, 2017ರದು. ಐ5-12400 ಎಂದರೆ 12ನೆಯದು, 2022ರದು. ಹತ್ತು ವರ್ಷ ಹಳೆಯ ಪ್ರೊಸೆಸರನ್ನು ಅಗ್ಗದ ಹೊಸ ಬೋರ್ಡಿನ ಮೇಲೆ ಕೂರಿಸಿ ‘ಹೊಸ ಐ5’ ಎಂದು ಮಾರುವ ಪದ್ಧತಿ ಪೇಟೆಯಲ್ಲಿದೆ. ಹಳೆಯ ಪ್ರೊಸೆಸರನ್ನು ಮತ್ತೆ ಬಳಸುವುದು ತಪ್ಪಲ್ಲ, ಪರಿಸರದ ದೃಷ್ಟಿಯಿಂದ ಅದು ಒಳ್ಳೆಯದೇ. ಹಳೆಯದಕ್ಕೆ ಹೊಸದರ ಬೆಲೆ ತೆರುವುದು ತಪ್ಪು. ಓದು, ಲೆಕ್ಕಪತ್ರ, ಪಾಠದ ವೀಡಿಯೊಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಆದರೆ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವಿಲ್ಲ. ಕಾರ್ಡ್ ಕೊಳ್ಳದೆ ಪರದೆ ಬೆಳಗದು. ಎಎಂಡಿಯ ರೈಜೆನ್ 5000 ಸರಣಿಯಲ್ಲಿ ಇದಕ್ಕೆ ವಿರುದ್ಧವಾಗಿ ‘ಜಿ’ ಅಕ್ಷರವನ್ನು ಹುಡುಕಬೇಕು. 5600ಜಿ ತಾನೇ ಚಿತ್ರ ಮೂಡಿಸುತ್ತದೆ, 5600 ಮೂಡಿಸದು. ಬೋರ್ಡಿನ ಆಯುಷ್ಯವನ್ನೂ ತೂಗಬೇಕು. 2017ರ ಅನೇಕ ಎಎಂ4 ಬೋರ್ಡುಗಳು ಬಯಾಸ್ ನವೀಕರಣದ ಬಳಿಕ ನಾಲ್ಕೈದು ವರ್ಷ ಈಚಿನ ಪ್ರೊಸೆಸರನ್ನೂ ಸ್ವೀಕರಿಸಿದವು. ಅದೇ ಕಾಲದಲ್ಲಿ ಇಂಟೆಲ್‌ನ 8ನೇ ತಲೆಮಾರು, ಸಾಕೆಟ್ಟಿನ ಹೆಸರು ಒಂದೇ ಆಗಿದ್ದರೂ, 6 ಮತ್ತು 7ನೇ ತಲೆಮಾರಿಗೆ ಬಂದ ಬೋರ್ಡುಗಳಿಗೆ ಹೊಂದಲಿಲ್ಲ. ಕಾವು ಬದಲಿಸಲು ಬಾರದ ಗುದ್ದಲಿ ಎಂದರೆ ಇದೇ.

ಉಳಿದ ಹಣ ಎಸ್‌ಎಸ್‌ಡಿ ಮತ್ತು ರ‍್ಯಾಮ್‌ಗೆ. ನಿಧಾನವೆಂದು ದೂರು ಬಂದ ಎಷ್ಟೋ ಯಂತ್ರಗಳಲ್ಲಿ ನಿಧಾನವಾಗಿರುವುದು ಪ್ರೊಸೆಸರ್ ಅಲ್ಲ, ತಿರುಗುವ ಹಾರ್ಡ್‌ಡಿಸ್ಕ್. ಅದರ ಜಾಗದಲ್ಲಿ 256 ಜಿಬಿಯ ಎಸ್‌ಎಸ್‌ಡಿ ಹಾಕಿ, ಹಳೆಯ ಡಿಸ್ಕನ್ನು ಕಾಗದಪತ್ರಗಳ ನಕಲಿಗೆ ಇಟ್ಟುಕೊಳ್ಳುವುದು ಜಾಣತನ. ರ‍್ಯಾಮ್‌ನಲ್ಲಿ ಡಿಡಿಆರ್4ಕ್ಕೆ ಇರುವ ಬೋರ್ಡಿಗೆ ಡಿಡಿಆರ್5 ಕೂರುವುದಿಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ದೂರದ ದೈತ್ಯ ಕಟ್ಟಡಗಳ ಹಸಿವು ಹಳ್ಳಿಯ ವಿದ್ಯಾರ್ಥಿಯ ಕಿಸೆಗೂ ಕೈಹಾಕಿತು. ಇಂತಹ ಕಾಲದಲ್ಲಿ 8 ಜಿಬಿಯ ಒಂದೇ ಪಟ್ಟಿಯಿಂದ ಆರಂಭಿಸಿ, ಇನ್ನೊಂದು ಸ್ಲಾಟನ್ನು ಮುಂದಿನ ಬೆಳೆಗೆಂದು ಖಾಲಿ ಬಿಡುವುದೇ ಸರಿ. ಹೀಗೆ ಕಂತು ಕಂತಾಗಿ ಬೆಳೆಸುವ ಅನುಕೂಲ ಜೋಡಿಸಿದ ಯಂತ್ರದ ದೊಡ್ಡ ಗುಣ.

ಇದಕ್ಕಿಂತಲೂ ಮಿತವ್ಯಯದ ದಾರಿಯೊಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ನಿಯಮಿತ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಇದರಿಂದಾಗಿ ಕಛೇರಿಗಳು ಸುಸ್ಥಿತಿಯಲ್ಲಿರುವ ಯಂತ್ರಗಳನ್ನೂ ಕೈಬಿಡುತ್ತಿವೆ. ಯಂತ್ರ ಸತ್ತಿಲ್ಲ, ಅದಕ್ಕೆ ಸಾವಿನ ಪತ್ರ ಬರೆದಿದ್ದಾರೆ, ಅಷ್ಟೆ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್‌ನಂತಹ ಮುಕ್ತ ತಂತ್ರಾಂಶವನ್ನು ಅಳವಡಿಸಿದರೆ ಅವು ಕನ್ನಡ ಯೂನಿಕೋಡ್ ಬರಹ, ಲಿಬ್ರೆ ಆಫೀಸ್, ಅಂತರ್ಜಾಲ ಎಲ್ಲಕ್ಕೂ ಸಾಕಾಗುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ದೊಡ್ಡ ಕಂಪನಿಗಳ ಹಲವು ಕಛೇರಿ ಯಂತ್ರಗಳ ಎಸ್‌ಎಂಪಿಎಸ್ ಮತ್ತು ಬೋರ್ಡ್ ಅವರದೇ ಆಕಾರದವು. ಕೆಟ್ಟರೆ ಪೇಟೆಯ ಸಾಮಾನ್ಯ ಭಾಗ ಹೊಂದುವುದಿಲ್ಲ. ಪಕ್ಕದ ಬಾಗಿಲು ತೆಗೆಸಿ ನೋಡದೆ ಹಣ ಕೊಡಬಾರದು.

ಲ್ಯಾಪ್‌ಟಾಪ್ ಇನ್ನೂ ಕಡಿಮೆ ವಿದ್ಯುತ್ತು ಬಳಸುತ್ತದೆ, ಕರೆಂಟು ಹೋದಾಗಲೂ ನಡೆಯುತ್ತದೆ ಎಂಬ ವಾದವಿದೆ. ವಾದ ನಿಜವೇ. ಗ್ರಾಫಿಕ್ಸ್ ಕಾರ್ಡಿಲ್ಲದ ಮೇಜಿನ ಯಂತ್ರವು ಪರದೆ ಸೇರಿ ಸುಮಾರು 70 ವ್ಯಾಟ್ ಬಳಸಿದರೆ, ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 13 ಯೂನಿಟ್ಟಿನ ಸಮೀಪ ಖರ್ಚು. ಲ್ಯಾಪ್‌ಟಾಪಿಗೆ ಅದರ ಮೂರನೇ ಒಂದು ಪಾಲು ಸಾಕು. ಹಾಸ್ಟೆಲ್ಲಿನಲ್ಲಿದ್ದು ಓದುವವರಿಗೆ ಅದೇ ಸೂಕ್ತ. ಆದರೆ ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಒಂದು ಚಿಪ್ಪು ಕೆಟ್ಟರೆ ಇಡೀ ಬೋರ್ಡು ಹೋದಂತೆ. ಅಣ್ಣನಿಂದ ತಂಗಿಗೆ, ತಂಗಿಯಿಂದ ಊರಿನ ಗ್ರಂಥಾಲಯಕ್ಕೆ ಹೋಗುವಷ್ಟು ಬಾಳಬೇಕಾದ ಯಂತ್ರಕ್ಕೆ ಆ ಕಟ್ಟಣೆ ಒಗ್ಗದು.

2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಕಸದ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಗುಡ್ಡದ ಊರಿಗೆ ನಿಯಮಕ್ಕಿಂತ ಮೊದಲು ತಲುಪುವುದು ಗುಜರಿಯ ಗಾಡಿ. ತಾಮ್ರಕ್ಕಾಗಿ ತಂತಿ ಸುಡುವ ಹೊಗೆಯನ್ನು ಯಾರೋ ಕುಡಿಯಲೇಬೇಕಾಗುತ್ತದೆ. ಕಸವನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆ ಕೊನೆಯದು. ಕಸವಾಗದಂತೆ ಯಾವುದನ್ನು ಕೊಳ್ಳಬೇಕೆಂಬುದು ಮೊದಲನೆಯದು. ಪ್ರತಿ ಪ್ರೌಢಶಾಲೆಯಲ್ಲಿ ಕೆಟ್ಟ ಯಂತ್ರವೊಂದನ್ನು ಮಕ್ಕಳಿಂದಲೇ ಬಿಚ್ಚಿಸಿ ಜೋಡಿಸಿದರೆ, ಆ ಊರಿನಲ್ಲಿ ಅಂಗಡಿಯವನ ಮಾತನ್ನು ಪರೀಕ್ಷಿಸಬಲ್ಲವರು ಹುಟ್ಟಿಕೊಳ್ಳುತ್ತಾರೆ. ಬಿಚ್ಚುವಾಗ ಪ್ಲಗ್ ಕಿತ್ತಿರಬೇಕು. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆಯಬಾರದು, ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಈ ಸುಗ್ಗಿಯ ನಂತರ ಕಂಪ್ಯೂಟರ್ ಕೊಳ್ಳಹೊರಡುವ ಮನೆಯವರು ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಲಿ. ಪ್ರೊಸೆಸರ್ ಎಷ್ಟನೇ ತಲೆಮಾರಿನದು? ಎಸ್‌ಎಂಪಿಎಸ್ ಎಷ್ಟು ಕಡಿಮೆ ವೋಲ್ಟೇಜನ್ನು ತಾಳುತ್ತದೆ? ಈ ಭಾಗ ಕೆಟ್ಟರೆ ಬೇರೆ ಅಂಗಡಿಯಲ್ಲೂ ಸಿಗುತ್ತದೆಯೇ? ಮೂರಕ್ಕೂ ನೇರ ಉತ್ತರ ಬಾರದಿದ್ದರೆ ಹಣದ ಗಂಟನ್ನು ಬಿಚ್ಚದೆ ಬಸ್ಸು ಹತ್ತುವುದೇ ಮೇಲು.